ಟೆಸ್ಕಿ ಹೆಸರಿನ ಒಂಬತ್ತು ಗಾಳ

ವಿಚಿಟಾ, ಕಾನ್ಸಾಸ್
20 ಜೂನ್ 1994

ಶ್ರೀ ಹೆಚ್. ಟೆಸ್ಕಿ ಅವರಿಗೆ,

ನಮ್ಮಿಬ್ಬರಿಗೆ ಪರಿಚಯವಿಲ್ಲ. ನಿಮ್ಮ ಹೆಸರು, ವಿಳಾಸ ನನಗೆ ಸಿಕ್ಕಿದ್ದು ಒಂದು ಕೊಳೆತ ಮೀನಿನ ಪಕ್ಕದಲ್ಲಿ.

ನಿನ್ನೆ ಭಾನುವಾರ ಬೆಳಿಗ್ಗೆ ನಿಮ್ಮ ಬರ್ಡೆಟ್ ಫೋರ್ಡ್ ಊರಿನ ಸೇತುವೆಯ ಕೆಳಗೆ ನಿಯೋಶೋ ನದಿಗೆ ದೋಣಿ ಇಳಿಸಿ, ಹುಟ್ಟು ಹಾಕುತ್ತಾ ಪ್ಯಾಡಕ್ ಹಳ್ಳದೊಳಗೆ ತಿರುಗಿದೆ. ಎರಡು ಮೈಲಿ ಹೋಗಿರಬೇಕು, ಮೊದಲು ವಾಸನೆ ಬಂತು. ಸತ್ತ ದನ ಬಿದ್ದಿದೆ ಅಂದುಕೊಂಡೆ. ತಿರುವಿನಲ್ಲಿ ನೀರಿನ ಮೇಲೆ ಬಾಗಿದ್ದ ವಿಲೋ ಕೊಂಬೆಗೆ ಕಟ್ಟಿದ ದಾರ, ಅದರ ತುದಿಯಲ್ಲಿ ನನ್ನ ತೋಳಿನಷ್ಟು ಉದ್ದದ ಕ್ಯಾಟ್‌ಫಿಶ್. ಹೊಟ್ಟೆ ಒಡೆದು ಹುಳ ಮುತ್ತಿತ್ತು. ಬಿಡಿಸಲು ಕೈ ಹಾಕಿದರೆ ಬೆಂದ ಬದನೆಕಾಯಿಯ ಹಾಗೆ ಮಾಂಸ ಜಾರಿ ನನ್ನ ಮಡಿಲಿಗೇ ಬಿತ್ತು. ಎರಡನೆಯ ದಾರದಲ್ಲಿ ಉಸಿರು ಕಟ್ಟಿ ಸತ್ತ ಆಮೆ. ಮೂರನೆಯದರಲ್ಲಿ ಕಾಲು ಸಿಕ್ಕಿಕೊಂಡು ತಲೆಕೆಳಗಾಗಿ ನೇತಾಡುತ್ತಿದ್ದ ಬೂದುಬಣ್ಣದ ಕೊಕ್ಕರೆ, ಅದರ ಕಣ್ಣಿರಬೇಕಾದ ಕಡೆ ಇರುವೆ. ನಾಲ್ಕನೆಯದರಲ್ಲಿ ಬರೀ ಮೀನಿನ ತಲೆ. ದೋಣಿಯ ಅಂಚಿಗೆ ಬಗ್ಗಿ ವಾಂತಿ ಮಾಡಿಕೊಂಡೆ.

ನಾನು ಸೂಕ್ಷ್ಮ ಹೊಟ್ಟೆಯವಳೆಂದು ತಿಳಿಯಬೇಡಿ. ಇಪ್ಪತ್ತು ವರ್ಷದಿಂದ ಕಟ್ಟುಹಲ್ಲು ಮಾಡುವ ಕೆಲಸದಲ್ಲಿದ್ದೇನೆ; ಜನರ ಬಾಯಿಂದ ಬಂದದ್ದನ್ನೆಲ್ಲ ತೊಳೆದು ಉಜ್ಜಿ, ಅದೇ ಮೇಜಿನ ಪಕ್ಕ ಕೂತು ಊಟ ಮಾಡುವವಳು.

ಕೊಂಬೆಗೆ ಗಾಳ ಕಟ್ಟಿದವನು ಇಪ್ಪತ್ತನಾಲ್ಕು ಗಂಟೆಯೊಳಗೆ ಬಂದು ನೋಡಬೇಕೆಂದು ಕಾನೂನೇ ಇದೆ. ಇವು ಒಂದು ವಾರದಿಂದ ಹಾಗೇ ಇದ್ದವು. ಪ್ರತಿ ದಾರಕ್ಕೂ ತಾಮ್ರದ ಬಿಲ್ಲೆ, ಅದರ ಮೇಲೆ ಒಂದೊಂದೇ ಅಕ್ಷರ ಕುಟ್ಟಿ ಮೂಡಿಸಿದ ಹೆಸರು, ವಿಳಾಸ. ಅಷ್ಟು ಆಸ್ಥೆಯಿಂದ ಹೆಸರು ಕುಟ್ಟುವ ಮನುಷ್ಯನಿಗೆ ಒಮ್ಮೆ ಬಂದು ನೋಡುವಷ್ಟು ಪುರುಸೊತ್ತಿರಲಿಲ್ಲವೇ? ಛೀ. ನಿಮ್ಮನ್ನು ನೆನೆದರೆ ನನಗೆ ಹೇಸಿಗೆಯಾಗುತ್ತದೆ.

ನಾಲ್ಕೂ ದಾರ ಕತ್ತರಿಸಿದ್ದೇನೆ. ಬಿಲ್ಲೆಗಳು ನನ್ನ ಹತ್ತಿರ ಇವೆ. ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಬರೆದು ತಿಳಿಸಿ. ಇಲ್ಲದಿದ್ದರೆ ಅವು ಮೀನುಗಾರಿಕೆಯ ಕಾನೂನು ನೋಡಿಕೊಳ್ಳುವ ವಾರ್ಡನ್ ಕೈಗೆ ಹೋಗುತ್ತವೆ.

ನೊರೀನ್ ಗ್ರಿಫಿತ್

---

ಬರ್ಡೆಟ್ ಫೋರ್ಡ್
25 ಜೂನ್ 1994

ಗ್ರಿಫಿತ್ ಮೇಡಂ,

ಈ ವಸಂತದಲ್ಲಿ ಕೌಂಟಿ ಕಚೇರಿಯವರು ನಮ್ಮ ಹಳ್ಳಿಮನೆಗಳಿಗೆಲ್ಲ ಹೊಸ ನಂಬರು ಕೊಟ್ಟಿದ್ದಾರೆ. ಅಂದಿನಿಂದ ಅರ್ಧ ಟಪಾಲು ಎಲ್ಲೆಲ್ಲೋ ಹೋಗುತ್ತದೆ. ನಿಮ್ಮ ಬೈಗುಳ ಮಾತ್ರ ಸರಿಯಾಗಿ ನನ್ನ ಬಾಗಿಲಿಗೇ ಬಂತು.

ಆ ಗಾಳಗಳು ನನ್ನವಲ್ಲ. ನನಗೆ ಎಪ್ಪತ್ತನಾಲ್ಕು ವರ್ಷ. ಹದಿನಾಲ್ಕರಿಂದ ಈ ನದಿಯಲ್ಲಿ ಗಾಳ ಕಟ್ಟುತ್ತಿದ್ದೇನೆ. ಸಂಜೆ ಕಟ್ಟಿದರೆ ಸೂರ್ಯ ಹುಟ್ಟುವ ಮೊದಲು ಅಲ್ಲಿರುತ್ತೇನೆ. ಜ್ವರ ಬಂದಾಗಲೂ ಹೋಗಿದ್ದೇನೆ. ಮದುವೆಯ ದಿನ ಬೆಳಿಗ್ಗೆಯೂ ಹೋಗಿ, ಚರ್ಚಿಗೆ ಮೀನಿನ ಲೋಳೆ ಅಂಟಿದ ಬೂಟಿನಲ್ಲಿ ಬಂದೆನೆಂದು ನನ್ನ ಹೆಂಡತಿ ಆರ್ಡಿತ್ ಇವತ್ತಿಗೂ ಆಡಿಕೊಳ್ಳುತ್ತಾಳೆ. ಅರವತ್ತೈದು ದಾಟಿದವರಿಗೆ ಈ ರಾಜ್ಯದಲ್ಲಿ ಮೀನಿನ ಪರವಾನಗಿ ಬೇಕಿಲ್ಲ. ಆ ಬಿಲ್ಲೆಯ ಮೇಲಿನ ಹೆಸರೇ ನನ್ನ ಪರವಾನಗಿ.

ನನ್ನ ಗಾಳಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿ ಶೆಡ್ಡಿನಲ್ಲಿ ಇಟ್ಟಿದ್ದೆ. ಫೆಬ್ರವರಿಯಲ್ಲಿ ಕಳುವಾಯಿತು. ಕದ್ದವನು ಯಾರೆಂದೂ ಗೊತ್ತು: ಸೇತುವೆಯಾಚೆ ಇರುವ ಲೆರಾಯ್ ಬಕ್ಸ್ಟನ್. ನಾನು ಹೋದ ಅಕ್ಟೋಬರಿನಿಂದ ನೀರಿಗೆ ದೋಣಿ ಇಳಿಸಿಲ್ಲ, ಮಂಡಿ ನೋವು.

ಇನ್ನು ನಿಮ್ಮ ವಿಷಯ. ಪ್ಯಾಡಕ್ ಹಳ್ಳದ ಎರಡೂ ದಂಡೆ, ನಡುವಿನ ತಳ, ಎಲ್ಲ ಫಿಸ್ಟರ್ ಮನೆತನದ ಆಸ್ತಿ. ಕಾನ್ಸಾಸಿನಲ್ಲಿ ಯಾರು ಬೇಕಾದರೂ ದೋಣಿ ಬಿಡಬಹುದಾದ ನದಿ ಮೂರೇ ಮೂರು, ನಿಯೋಶೋ ಅದರಲ್ಲಿಲ್ಲ. ಫಿಸ್ಟರನ ದನ ದಾಟದಂತೆ ಹಳ್ಳಕ್ಕೆ ಅಡ್ಡ ಎಳೆದ ಮುಳ್ಳುತಂತಿ ಎರಡು ಕಡೆ ಇದೆ. ನೀವು ಅದನ್ನು ಎತ್ತಿ ನುಸುಳಿದಿರೋ, ಮಲಗಿ ನುಸುಳಿದಿರೋ? ಅಪ್ಪಣೆ ಕೊಟ್ಟವರು ಯಾರು? ಬಣ್ಣಬಣ್ಣದ ಪ್ಲಾಸ್ಟಿಕ್ ದೋಣಿ ತಂದು, ಬಿಯರ್ ಡಬ್ಬ ಎಸೆದು ಹೋಗುವ ನಿಮ್ಮಂಥವರನ್ನು ಕಂಡರೆ ನನಗೂ ಹೇಸಿಗೆಯೇ. ಕೂಸು ನೋಡಲು ಬಂದ ನೆಂಟರ ಹಾಗೆ ನೀವು ನದಿ ನೋಡಲು ಬರುತ್ತೀರಿ. ಎಷ್ಟು ಮುದ್ದಾಗಿದೆ ಅಂದು, ಅದು ಹೇಲುವ ಮೊದಲು ಎದ್ದು ಹೋಗುತ್ತೀರಿ.

ಮೀನನ್ನು ಕೊಳೆಯಲು ಬಿಟ್ಟವನ ಕೈ ಮುರಿಯಬೇಕು ಅನ್ನುವುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಜಗಳವಿಲ್ಲ. ನನ್ನ ಬಿಲ್ಲೆ ವಾಪಸ್ ಕಳಿಸಿ.

ಹಾರ್ಲನ್ ಟೆಸ್ಕಿ

---

ವಿಚಿಟಾ
30 ಜೂನ್ 1994

ಶ್ರೀ ಟೆಸ್ಕಿ ಅವರಿಗೆ,

ಹೌದು, ಮುಳ್ಳುತಂತಿಯ ಕೆಳಗೆ ಮಲಗಿ ನುಸುಳಿದೆ. ಬೆನ್ನ ಮೇಲೆ ಅಂಗಿ ಹರಿಯಿತು. ಅಪ್ಪಣೆ ಕೇಳಲಿಲ್ಲ, ಅದು ತಪ್ಪೇ. ಆದರೆ ನನ್ನ ದೋಣಿ ಪ್ಲಾಸ್ಟಿಕ್ಕಿನದಲ್ಲ. ಮರದ ಮೇಲೆ ಕ್ಯಾನ್ವಾಸ್ ಬಿಗಿದದ್ದು, ನನ್ನ ಅಪ್ಪನದು. ಅವತ್ತು ಆ ಹಳ್ಳದಲ್ಲಿ ಬೇರೆಯವರು ಎಸೆದ ಹನ್ನೊಂದು ಡಬ್ಬ ಹೆಕ್ಕಿ ತಂದಿದ್ದೇನೆ. ನಾನು ತಂತಿ ನುಸುಳಿದ್ದರಿಂದ ಆ ಕೊಕ್ಕರೆ ಬದುಕಿ ಬರುವುದಿಲ್ಲ ತಾನೇ?

ನೀವು ಹೇಳುವುದು ನಿಜವಾದರೆ ನಾನು ಬೈದದ್ದು ತಪ್ಪು ಮನುಷ್ಯನಿಗೆ. ಹಾಗಿದ್ದರೆ ಕ್ಷಮೆ ಕೇಳುತ್ತೇನೆ. ಆದರೆ ಕಳುವಾಗಿದ್ದರೆ ನಾಲ್ಕು ತಿಂಗಳು ಸುಮ್ಮನಿದ್ದದ್ದು ಯಾಕೆ? ಆ ಬಕ್ಸ್ಟನ್ ಎಂಬುವನನ್ನು ಕೇಳಿ. ನಿಮ್ಮ ಹೆಸರಿನಲ್ಲಿ ಇನ್ನೊಬ್ಬ ಹೇಸಿಗೆ ಮಾಡುತ್ತಿದ್ದರೆ ನಿಮಗೆ ನನಗಿಂತ ಹೆಚ್ಚು ಸಿಟ್ಟು ಬರಬೇಕು. ಜುಲೈ ಹದಿನೈದರವರೆಗೆ ಕಾಯುತ್ತೇನೆ. ಬಿಲ್ಲೆಗಳು ಅಲ್ಲಿಯವರೆಗೆ ಇಲ್ಲೇ ಇರಲಿ.

ನೊರೀನ್ ಗ್ರಿಫಿತ್

---

ಬರ್ಡೆಟ್ ಫೋರ್ಡ್
5 ಜುಲೈ 1994

ಗ್ರಿಫಿತ್ ಮೇಡಂ,

ಕೇಳಿದೆ. ನಿನ್ನೆಯಲ್ಲ ಮೊನ್ನೆ, ಧಾನ್ಯ ಸೊಸೈಟಿಯ ಕಾಫಿ ಕಟ್ಟೆಯಲ್ಲಿ, ಎಲ್ಲರ ಎದುರಿಗೇ ಕೇಳಿದೆ. ಬಕ್ಸ್ಟನ್ ಡೋನಟ್ ತಿನ್ನುತ್ತಾ ಕೂತಿದ್ದ.

"ಲೆರಾಯ್, ನನ್ನ ಗಾಳ ಎಲ್ಲಿಟ್ಟಿದೀಯ?"

"ನಿನ್ನ ಗಾಳ ತಗೊಂಡು ನಾನೇನು ಕಿವಿಗೆ ಹಾಕ್ಕೊಳ್ಲಾ? ಮೀನು ತಿಂದು ಹತ್ತು ವರ್ಷ ಆಯ್ತು ಕಣೋ, ಮೈಯೆಲ್ಲ ಗಂಧೆ ಏಳುತ್ತೆ ನಂಗೆ."

"ಕದಿಯೋನಿಗೆ ತಿನ್ನೋ ಆಸೆನೇ ಇರ್ಬೇಕು ಅಂತಿಲ್ಲ. ಪ್ಯಾಡಕ್ ಹಳ್ಳದಲ್ಲಿ ನನ್ನ ಹೆಸರು ಹಾಕಿ ಮೀನು ಕೊಳೆಸಿದೀಯ."

ಅವನು ಡೋನಟ್ ಕೆಳಗಿಟ್ಟ. "ಹಾರ್ಲನ್, ಜೂನಲ್ಲಿ ಸೇತುವೆ ಹತ್ರ ನಿನ್ನ ಟ್ರಕ್ ನಿಂತಿತ್ತಲ್ಲ. ನೀನು ದೋಣಿ ಇಳಿಸ್ತಿದ್ದೆ. ನಾನು ಕೈ ಬೀಸ್ದೆ, ನೀನೂ ಬೀಸ್ದೆ."

"ಸುಳ್ಳು ಬೊಗಳ್ಬೇಡ!" ಅಂದೆ.

ಮುಖದ ಮೇಲೆ ಹೊಡೆದಂತೆ ಸುಳ್ಳು ಹೇಳುವವನನ್ನು ನಾನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಅದಕ್ಕಿಂತ ಅಸಹ್ಯವಾದದ್ದು ಉಳಿದವರ ನಡತೆ. ನಲವತ್ತು ವರ್ಷ ಇವರ ನೇಗಿಲು, ಟ್ರೇಲರು, ಗೇಟು ಎಲ್ಲಕ್ಕೂ ಬೆಸುಗೆ ಹಾಕಿ ಕೊಟ್ಟಿದ್ದೇನೆ. ಒಬ್ಬನಾದರೂ ನನ್ನ ಪರ ಬಾಯಿ ಬಿಡಬಾರದೇ? ಎಲ್ಲರೂ ಕಾಫಿ ಲೋಟದೊಳಗೆ ಇಣುಕಿ ಕೂತರು. ಜೊತೆಗೆ ಬಂದಿದ್ದ ಆರ್ಡಿತ್‌ಗೆ ಎಷ್ಟು ನೋವಾಗಿತ್ತೆಂದರೆ ಮನೆ ಮುಟ್ಟುವವರೆಗೆ ಟ್ರಕ್ಕಿನಲ್ಲಿ ಒಂದು ಮಾತಾಡಲಿಲ್ಲ. ನನ್ನ ಪರವಾಗಿ ಇರುವವಳು ಅವಳೊಬ್ಬಳೇ.

ನಿಮ್ಮ ದೋಣಿ ಮರದ್ದು ಎಂದು ಬರೆದಿದ್ದೀರಿ. ಒಳಗಿನ ಪಕ್ಕೆಲುಬು ಯಾವ ಮರ, ಸೀಡರೇ? ಮತ್ತೆ ಆ ಕಡೆ ಬಂದರೆ ಫಿಸ್ಟರನ ಎರಡನೆಯ ತಂತಿಯ ಹತ್ತಿರ ಹುಷಾರು. ಈ ವರ್ಷ ಅದಕ್ಕೆ ಕರೆಂಟು ಕೊಟ್ಟಿದ್ದಾನೆಂದು ಕೇಳಿದೆ. ನೀವು ಒದ್ದೆ ಬೆನ್ನಿನಲ್ಲಿ ಅದನ್ನು ಮುಟ್ಟಿದರೆ ನನಗೆ ಬೈಯಲು ಯಾರೂ ಉಳಿಯುವುದಿಲ್ಲ.

ಹಾರ್ಲನ್ ಟೆಸ್ಕಿ

---

ಬರ್ಡೆಟ್ ಫೋರ್ಡ್
12 ಜುಲೈ 1994

ಗ್ರಿಫಿತ್ ಮೇಡಂ,

ನೀವು ಜೂನ್ ಇಪ್ಪತ್ತರಂದು ಬರೆದ ಪತ್ರ ಇವತ್ತು ಅಡುಗೆಮನೆಯ ಮೇಜಿನ ಮೇಲೆ ಸಿಕ್ಕಿತು. ಮೂರು ವಾರ ಯಾವ ಪೋಸ್ಟಾಫೀಸಿನಲ್ಲಿ ಕೊಳೆಯುತ್ತಿತ್ತೋ. ಕೌಂಟಿಯ ಹೊಸ ನಂಬರುಗಳ ಪ್ರತಾಪ.

ನೀವು ಯಾರೆಂದು ನನಗೆ ಗೊತ್ತಿಲ್ಲ. ನಾನು ಯಾರೆಂದು ನಿಮಗಂತೂ ಗೊತ್ತೇ ಇಲ್ಲ. ಆ ಗಾಳಗಳು ನನ್ನವಲ್ಲ. ಅರವತ್ತು ವರ್ಷದಲ್ಲಿ ಒಂದು ದಾರವನ್ನೂ ಬೆಳಿಗ್ಗೆ ನೋಡದೆ ಬಿಟ್ಟವನಲ್ಲ. ಮದುವೆಯ ದಿನವೂ ಹೋಗಿದ್ದೆ. ನನ್ನ ಗಾಳಗಳೆಲ್ಲ ಮಾರ್ಚಿನಲ್ಲಿ ಶೆಡ್ಡಿನಿಂದ ಕಳುವಾಗಿವೆ. ಕದ್ದವನು ಬಕ್ಸ್ಟನ್ ಇರಬೇಕು. ನಾನು ಇನ್ನೂ ಅವನನ್ನು ಕೇಳಿಲ್ಲ, ಕೇಳುತ್ತೇನೆ.

ಪ್ಯಾಡಕ್ ಹಳ್ಳ ಫಿಸ್ಟರನ ಆಸ್ತಿ ಎಂಬುದಾದರೂ ನಿಮಗೆ ಗೊತ್ತೇ? ನಿಮ್ಮ ದೋಣಿ ಬಣ್ಣದ ಪ್ಲಾಸ್ಟಿಕ್ಕಿನದೇ ಇರಬೇಕು. ಕೂಸು ನೋಡಲು ಬಂದವರ ಹಾಗೆ ಬಂದು ಹೋಗುವವರ ಕೈಲಿ ಹೇಸಿಗೆಯ ಪಾಠ ಹೇಳಿಸಿಕೊಳ್ಳುವ ಗತಿ ನನಗೆ ಬಂದಿಲ್ಲ. ನನ್ನ ಬಿಲ್ಲೆ ಕಳಿಸಿ.

ಹಾರ್ಲನ್ ಟೆಸ್ಕಿ

---

ವಿಚಿಟಾ
17 ಜುಲೈ 1994

ಟೆಸ್ಕಿ ಅವರೇ,

ಏನಿದು, ತಮಾಷೆಯೇ? ಒಂದೇ ಬೈಗುಳವನ್ನು ಎರಡು ಸಲ ಅಂಚೆಗೆ ಹಾಕಿದ್ದೀರಿ. ಹೋದ ವಾರ ನನ್ನ ದೋಣಿ ಯಾವ ಮರದ್ದು ಅಂತ ಕೇಳಿದವರಿಗೆ ಈ ವಾರ ಅದು ಪ್ಲಾಸ್ಟಿಕ್ ಆಯಿತು. ಕಳ್ಳತನ ಫೆಬ್ರವರಿಯಲ್ಲೋ ಮಾರ್ಚಿನಲ್ಲೋ ಅದನ್ನಾದರೂ ಮೊದಲು ನಿಶ್ಚಯ ಮಾಡಿಕೊಳ್ಳಿ. ಬಕ್ಸ್ಟನನನ್ನು ಎಲ್ಲರ ಎದುರು ಕೇಳಿದೆ ಎಂದು ಅಷ್ಟುದ್ದ ಕಥೆ ಬರೆದಿರಿ. ಈಗ ಇನ್ನೂ ಕೇಳಿಲ್ಲವಂತೆ! ಸುಳ್ಳು ಹೇಳುವವರು ಹೇಳಿದ್ದನ್ನಾದರೂ ನೆನಪಿಟ್ಟುಕೊಳ್ಳಬೇಕು.

ನಿಮ್ಮ ಐದನೇ ತಾರೀಖಿನ ಪತ್ರ ಓದಿ ನಾನು ನಂಬಿದ್ದೆ. "ಮುದುಕನ ನಾಲಿಗೆ ಕೆಟ್ಟದು, ಮನುಷ್ಯ ಒಳ್ಳೆಯವನು ಕಣ್ರೇ" ಅಂತ ನಮ್ಮ ಕಟ್ಟುಹಲ್ಲಿನ ಅಂಗಡಿಯಲ್ಲಿ ಹೇಳಿಕೊಂಡು ತಿರುಗಿದೆ. ಈಗ ನಿಮಗಿಂತ ನನ್ನ ಮೇಲೇ ಅಸಹ್ಯವಾಗುತ್ತಿದೆ.

ಒಂದು ಬಿಲ್ಲೆ ಇದರೊಳಗೆ ಇಟ್ಟಿದ್ದೇನೆ, ನಿಮ್ಮ ಕೈಕೆಲಸವನ್ನು ನೀವೇ ನೋಡಿಕೊಳ್ಳಿ. ಉಳಿದ ಮೂರನ್ನು ವಾರ್ಡನ್‌ಗೆ ಕಳಿಸಿಯಾಯಿತು. ಇನ್ನು ನನಗೆ ಬರೆಯಬೇಡಿ.

ನೊರೀನ್ ಗ್ರಿಫಿತ್

---

ಬರ್ಡೆಟ್ ಫೋರ್ಡ್
2 ಆಗಸ್ಟ್ 1994

ಗ್ರಿಫಿತ್ ಮೇಡಂ,

ಬರೆಯಬೇಡಿ ಎಂದಿದ್ದಿರಿ. ಬರೆಯುತ್ತಿದ್ದೇನೆ. ಸಿಟ್ಟು ಬಂದರೆ ಓದದೆ ಒಲೆಗೆ ಹಾಕಿ.

ನೀವು ಕಳಿಸಿದ ಬಿಲ್ಲೆಯನ್ನು ಬೆಂಚಿನ ಮೇಲಿಟ್ಟುಕೊಂಡು ನೋಡಿದೆ. ನನ್ನ ಉಕ್ಕಿನ ಅಚ್ಚುಗಳಲ್ಲಿ ಒಂದು ಅಕ್ಷರದ ಕಾಲು ಮುರಿದಿದೆ. ಬಿಲ್ಲೆಯ ಮೇಲೂ ಅದೇ ಮುರಿದ ಕಾಲು. ಸರಿ, ಕದ್ದದ್ದೂ ನನ್ನದೇ ತಾನೇ ಅಂದುಕೊಂಡೆ. ಆಮೇಲೆ ವಿಳಾಸ ಓದಿದೆ. ರಸ್ತೆ 210, ಮನೆ 1140. ಕೌಂಟಿಯವರು ಈ ನಂಬರು ಕೊಟ್ಟದ್ದು ಏಪ್ರಿಲ್‌ನಲ್ಲಿ. ಅದಕ್ಕೆ ಮೊದಲು ನನ್ನ ಬಿಲ್ಲೆಗಳ ಮೇಲೆಲ್ಲ ಇದ್ದದ್ದು ಹಳೆಯ ಅಂಚೆಪೆಟ್ಟಿಗೆಯ ನಂಬರು. ಏಪ್ರಿಲ್ ಆದ ಮೇಲೆ ಕುಟ್ಟಿದ ಬಿಲ್ಲೆಯನ್ನು ಫೆಬ್ರವರಿಯಲ್ಲಿ ಯಾವ ಕಳ್ಳನೂ ಕದಿಯಲಾರ. ಅರ್ಧ ಗಂಟೆ ಅದನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ನಾನು ಬೆಸುಗೆಯವನು. ಕೂಡದ ತುಂಡುಗಳನ್ನು ಎಷ್ಟು ಒತ್ತಿ ಹಿಡಿದರೂ ಕೂಡುವುದಿಲ್ಲ ಎಂದು ಗೊತ್ತು.

ಆರ್ಡಿತ್‌ಳನ್ನು ಕರೆದೆ.

"ಇದನ್ನ ಯಾವಾಗ ಮಾಡ್ದೆ ನಾನು?"

"ಮೇ ತಿಂಗಳಲ್ಲಿ. ನಲವತ್ತು ಮಾಡ್ದೆ. ಊಟಕ್ಕೆ ಕರೆದ್ರೂ ಏಳ್ಲಿಲ್ಲ."

"ಗಾಳ?"

"ಹಳೇದನ್ನೆಲ್ಲ ಫೆಬ್ರವರಿಲಿ ನೀನೇ ಸುಟ್ಟೆ, ದಾರ ಲಡ್ಡಾಗಿದೆ ಅಂತ. ಹೊಸಾದು ಕಟ್ಕೊಂಡೆ."

"ನದಿಗೆ ಹೋಗಿದ್ನಾ?"

ಅವಳು ಒಣಗಿದ ತಟ್ಟೆಯನ್ನೇ ಮತ್ತೆ ಒರೆಸಿದಳು. "ಜೂನಲ್ಲಿ ಆರೇಳು ಸಲ. ಜುಲೈಲೂ ಹೋಗಿದ್ದೆ."

"ಬೆಳಿಗ್ಗೆ ಹೋಗಿ ನೋಡ್ತಿರ್ಲಿಲ್ವಾ?"

"ಕೆಲವು ದಿನ ಹೋಗ್ತಿದ್ದೆ. ಕೆಲವು ದಿನ ಕಾಫಿ ಕುಡ್ದು ಇಲ್ಲೇ ಕೂತಿರ್ತಿದ್ದೆ. ಹೋಗಲ್ವಾ ಅಂದ್ರೆ, ಅಕ್ಟೋಬರಿಂದ ದೋಣಿನೇ ಮುಟ್ಟಿಲ್ಲ ಅಂತ ನನ್ಮೇಲೇ ರೇಗ್ತಿದ್ದೆ."

"ಯಾಕೆ ಹೇಳ್ಲಿಲ್ಲ ನಂಗೆ?"

"ಹೇಳಿದ್ರೆ ಹೋಗೋದೇ ಬಿಟ್ಟುಬಿಡ್ತಿದ್ದೆ. ನದಿಯಿಂದ ಬಂದ ದಿನ ನೀನು ಮೊದ್ಲಿನ ಹಾಗೇ ಇರ್ತಿದ್ದೆ, ಹಾರ್ಲನ್. ನಂಗೆ ಅಷ್ಟು ಸಾಕಾಗಿತ್ತು."

ಅವಳ ಮೇಲೆ ಕೂಗಾಡಿದೆ. ನನ್ನನ್ನು ಮಗುವಿನ ಹಾಗೆ ಕಿಟಕಿಯಿಂದ ನೋಡುತ್ತಾ ನಿಂತಿದ್ದಳಲ್ಲ, ಅದು ನನಗೆ ತಡೆಯಲಾಗಲಿಲ್ಲ. ಅವಳು ನೋಡುತ್ತಿದ್ದಳು, ಅತ್ತ ಹಳ್ಳದಲ್ಲಿ ಮೀನು ಕೊಳೆಯುತ್ತಿತ್ತು.

ನಿಮಗೆ ಒಂದೇ ಪತ್ರ ಎರಡು ಸಲ ಬರೆದದ್ದೂ ನಿಜವಂತೆ. ಎರಡನ್ನೂ ಅಂಚೆಗೆ ಹಾಕಿದವಳು ಅವಳೇ. ನನಗೆ ನೆನಪಿಲ್ಲ. ನಾನು ನಿಮ್ಮನ್ನು ಅಣಕಿಸಿದ್ದಲ್ಲ ಮೇಡಂ. ಅಣಕಿಸುವಷ್ಟು ತಲೆ ಇದ್ದಿದ್ದರೆ ಚೆನ್ನಾಗಿತ್ತು.

ಹೋದ ವಾರ ವಾರ್ಡನ್ ಬಂದಿದ್ದ. ಟೋಪಿ ತೆಗೆದು, ಮೆಲ್ಲಗಿನ ದನಿಯಲ್ಲಿ ಮಾತಾಡಿದ. ನನ್ನ ಜೊತೆ ಅಲ್ಲ, ಆರ್ಡಿತ್ ಜೊತೆ. ನಾನು ಮೂರಡಿ ದೂರದಲ್ಲಿ ಕುರ್ಚಿಯ ಮೇಲೆ ಕೂತಿದ್ದೆ. ಥೂ, ಅವನು ನನಗೆ ದಂಡ ಹಾಕಿ ಬೈದು ಹೋಗಿದ್ದರೂ ಇಷ್ಟು ಮೈ ಉರಿಯುತ್ತಿರಲಿಲ್ಲ.

ಈಗ ಕೆಲಸದ ಮಾತು. ನಲವತ್ತು ಬಿಲ್ಲೆ ಕುಟ್ಟಿದ್ದೆ. ಕಾಫಿಪುಡಿಯ ಡಬ್ಬದಲ್ಲಿ ಮೂವತ್ತೊಂದು ಇವೆ, ಮೂರು ಸಲ ಎಣಿಸಿದೆ. ಹೊರಗೆ ಹೋದದ್ದು ಒಂಬತ್ತು. ಒಬ್ಬನಿಗೆ ಎಂಟೇ ಗಾಳ ಅನ್ನುತ್ತದೆ ಕಾನೂನು, ಅದನ್ನೂ ಮೀರಿದ್ದೇನೆ. ನಾಲ್ಕು ನೀವು ಕತ್ತರಿಸಿದಿರಿ. ಇನ್ನು ಐದು ಎಲ್ಲೋ ನನ್ನ ಹೆಸರು ಹೊತ್ತುಕೊಂಡು ನೀರಿನಲ್ಲಿವೆ, ಒಂದೊಂದಕ್ಕೂ ಏನೇನು ಸಿಕ್ಕಿ ಸಾಯುತ್ತಿದೆಯೋ. ರಾತ್ರಿ ಊಟಕ್ಕೆ ಕೂತರೆ ತಟ್ಟೆ ಪಕ್ಕಕ್ಕೆ ಸರಿಸುತ್ತೇನೆ, ನೀವು ಬರೆದ ಆ ಕೊಕ್ಕರೆಯ ಕಣ್ಣು ನೆನಪಾಗುತ್ತದೆ. ಬೇಡದ್ದು ಮಾತ್ರ ಚೆನ್ನಾಗಿ ನೆನಪಿರುತ್ತದೆ ನನಗೆ.

ಟ್ರಕ್ಕಿನ ಕೀಲಿ ಆರ್ಡಿತ್ ಬಚ್ಚಿಟ್ಟಿದ್ದಾಳೆ. ಬಚ್ಚಿಡಬೇಕಾದ್ದೇ. ಊರಿನವರನ್ನು ಕೇಳಿದರೆ ಕಾಫಿ ಲೋಟದೊಳಗೆ ಇಣುಕುತ್ತಾರೆ. ನೀವು ನನ್ನ ಮೇಲೆ ಪಡಬಹುದಾದ ಹೇಸಿಗೆಯನ್ನೆಲ್ಲ ಆಗಲೇ ಪಟ್ಟಾಗಿದೆ, ಹಾಗಾಗಿ ನಿಮ್ಮನ್ನು ಕೇಳಲು ನನಗೆ ನಾಚಿಕೆಯಿಲ್ಲ. ಆ ಐದನ್ನು ಹುಡುಕಿ ಕತ್ತರಿಸಿ ಕೊಡುತ್ತೀರಾ?

ಜುಲೈನಲ್ಲಿ ನಾನು ಏನು ಮಾಡಿದೆನೋ ಗೊತ್ತಿಲ್ಲ. ಜುಲೈನಲ್ಲಿ ಚಪ್ಪಟೆತಲೆಯ ಕ್ಯಾಟ್‌ಫಿಶ್ ಎಲ್ಲಿ ಮಲಗುತ್ತದೆ ಎಂಬುದು ಗೊತ್ತು. ಪ್ಯಾಡಕ್ ಹಳ್ಳದ ಬಾಯಲ್ಲಿ ಬಿದ್ದಿರುವ ದೊಡ್ಡ ಸಿಕಮೋರ್ ಮರದ ಬೇರಡಿ ನೋಡಿ. ಥಾರ್ನ್ ಹಳ್ಳ ಬಂದು ಅದನ್ನು ಸೇರುವಲ್ಲಿ ಕಲ್ಲಿನ ಚಪ್ಪಡಿ ಇದೆ, ಅಲ್ಲಿ. ಹಳೆಯ ರೈಲುಸೇತುವೆಯ ಎರಡನೇ ಕಂಬ. ಐವತ್ತೊಂದನೇ ಇಸವಿಯ ಪ್ರವಾಹ ಕೊರೆದುಹೋದ ಎತ್ತರದ ದಂಡೆ, ಬಲಕ್ಕೆ. ನನ್ನ ಕೈ ಎಷ್ಟು ಮರೆತರೂ ಕೆಟ್ಟ ಜಾಗದಲ್ಲಿ ಗಾಳ ಕಟ್ಟಿರಲಾರದು. ಫಿಸ್ಟರನಿಗೆ ಫೋನ್ ಮಾಡಿ ಅಪ್ಪಣೆ ಕೇಳಿದ್ದೇನೆ. ಭಾನುವಾರ ತಂತಿಯ ಕರೆಂಟು ತೆಗೆಯುತ್ತಾನೆ.

ಬಕ್ಸ್ಟನ್‌ನ ಹತ್ತಿರ ತಪ್ಪೊಪ್ಪಿಕೊಳ್ಳಬೇಕು. ಮರೆಯಬಾರದೆಂದು ಚೀಟಿ ಬರೆದು ಅಂಗಿಯ ಜೇಬಿನಲ್ಲಿಟ್ಟಿದ್ದೇನೆ.

ಹಾರ್ಲನ್ ಟೆಸ್ಕಿ

---

ವಿಚಿಟಾ
8 ಆಗಸ್ಟ್ 1994

ಹಾರ್ಲನ್ ಅವರೇ,

ಮೊದಲು ನನ್ನ ಹೊಲಸು ಹೇಳಿಬಿಡುತ್ತೇನೆ. ನಿಮ್ಮ ಜುಲೈ ಹನ್ನೆರಡರ ಪತ್ರವನ್ನು ನಾನು ಅಂಗಡಿಯಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿ ನಗಿಸಿದ್ದೆ. "ಕೂಸು ನೋಡಲು ಬಂದವರು" ಅನ್ನುವ ಕಡೆ ನಿಮ್ಮ ದನಿ ಹೀಗಿರಬೇಕೆಂದು ಅಣಕ ಬೇರೆ. ನಿಮಗೆ ಬೈಯುವುದು ನನಗೆ ರುಚಿಸಿತ್ತು. ಒಳ್ಳೆಯ ಕಾರಣಕ್ಕೆ ಬೈಯುತ್ತಿದ್ದೇನೆಂಬ ಧೈರ್ಯದಲ್ಲಿ ಬೈಯುವಷ್ಟು ಸುಖ ಇನ್ನೊಂದಿಲ್ಲ. 

ನಿನ್ನೆ ಹೋಗಿದ್ದೆ. ಮೊದಲ ತಂತಿಯ ಹತ್ತಿರ ಫಿಸ್ಟರ್ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು.

"ಟೆಸ್ಕಿ ಕಡೆಯೋಳಾ ನೀನು?"

"ಅಲ್ಲ," ಅಂದೆ. ಆಮೇಲೆ, "ಹೂಂ, ಹೌದು," ಅಂದೆ.

"ಕರೆಂಟ್ ತೆಗ್ದಿದೀನಿ. ತಲೆ ತಗ್ಸಿ ಹೋಗು. ಹೋದ್ಸಲ ಅಂಗಿ ಬಟ್ಟೆ ಇಲ್ಲೇ ಬಿಟ್ಟುಹೋಗಿದ್ದೆ ನೋಡು, ಇನ್ನೂ ತೂಗ್ತಾ ಇದೆ."

ಸಿಕಮೋರ್ ಬೇರಿನಲ್ಲಿ ಒಂದು ಸಿಕ್ಕಿತು. ಗಾಳ ಬರಿದಾಗಿತ್ತು, ಎರೆಯನ್ನು ಯಾವುದೋ ಮೀನು ಯಾವಾಗಲೋ ತಿಂದುಹೋಗಿತ್ತು. ಕಲ್ಲುಚಪ್ಪಡಿಯ ಹತ್ತಿರ ಇನ್ನೊಂದು. ಅದರಲ್ಲಿದ್ದದ್ದು ಏನೆಂದು ಗುರುತು ಹಿಡಿಯಲಾಗಲಿಲ್ಲ. ಮುಳ್ಳು, ಪಾಚಿ, ನಡುವೆ ಬಿಳಿಯ ಲೋಳೆ. ಈ ಸಲವೂ ವಾಂತಿ ಮಾಡಿಕೊಂಡೆ. ರೈಲುಸೇತುವೆಯ ಕಂಬದಲ್ಲಿ ಏನೂ ಇರಲಿಲ್ಲ, ನಾಲ್ಕೂ ಕಂಬ ಸುತ್ತಿ ಬಂದೆ.

ಎತ್ತರದ ದಂಡೆಯ ಕೆಳಗೆ ಗಾಳಿಯಿರಲಿಲ್ಲ, ಆದರೂ ಒಂದು ಕೊಂಬೆ ಅಲ್ಲಾಡುತ್ತಿತ್ತು. ದಾರ ಎಳೆದರೆ ಜೀವ ಇತ್ತು, ಹಾರ್ಲನ್. ಚಪ್ಪಟೆತಲೆಯದು, ಉದ್ದಕ್ಕೆ ನನ್ನ ದೋಣಿಯ ಹುಟ್ಟುಗೋಲಿನ ಅರ್ಧ ಇತ್ತು, ಆದರೆ ಹೊಟ್ಟೆ ಬೆನ್ನಿಗೆ ಅಂಟಿತ್ತು. ಎಷ್ಟು ದಿನದಿಂದ ಎಳೆದಾಡಿತ್ತೋ, ದವಡೆ ಹರಿದು ಒಳಗಿನ ಬಿಳಿ ಕಾಣುತ್ತಿತ್ತು. ಗಾಳ ತುಕ್ಕು ಹಿಡಿದು ಮಾಂಸಕ್ಕೆ ಕೂತುಬಿಟ್ಟಿತ್ತು. ನಮ್ಮ ಅಂಗಡಿಯ ಸಣ್ಣ ಇಕ್ಕಳ ಜೇಬಿನಲ್ಲಿತ್ತು. ಹತ್ತು ನಿಮಿಷ ಅದರ ಬಾಯಲ್ಲಿ ಕೈಯಿಟ್ಟು ಬಿಡಿಸಿದೆ. ಅದು ಕೊಸರಾಡಲೂ ಇಲ್ಲ. ದೋಣಿಯ ಪಕ್ಕ ಸ್ವಲ್ಪ ಹೊತ್ತು ಬಾಯಿ ತೆರೆದು ಮುಚ್ಚಿ ಮಾಡಿ, ಕೆಳಗೆ ಇಳಿಯಿತು. ಬದುಕಿತು ಎಂದು ನಾನು ಹೇಳಲಾರೆ. ಇಳಿಯಿತು, ಅಷ್ಟು ನೋಡಿದೆ.

ಅಂದರೆ ಮೂರು ಸಿಕ್ಕಿವೆ. ಎರಡು ಸಿಕ್ಕಿಲ್ಲ. ಐದೂ ಸಿಕ್ಕಿದವು ಎಂದು ಬರೆದುಬಿಡೋಣ, ಮುದುಕ ನೆಮ್ಮದಿಯಾಗಿ ಊಟ ಮಾಡಲಿ ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಆದರೆ ನಿಮ್ಮಿಂದ ಮುಚ್ಚಿಡುವವರು ಈಗಾಗಲೇ ಸಾಕಷ್ಟಿದ್ದಾರೆ.

ಮುಂದಿನ ಭಾನುವಾರ ಮತ್ತೆ ಹೋಗುತ್ತೇನೆ. ನನಗೆ ನೀರು ಕಾಣುತ್ತದೆ, ನಿಮಗೆ ಅದರ ಕೆಳಗಿನದು ಕಾಣುತ್ತದೆ. ನಾನೊಬ್ಬಳೇ ಹುಡುಕಿದರೆ ಹಿಮ ಬೀಳುವವರೆಗೂ ಹುಡುಕುತ್ತಿರಬೇಕು. ನನ್ನ ದೋಣಿಯ ಮುಂದಿನ ಸೀಟು ಖಾಲಿ ಇದೆ. ಹುಟ್ಟು ನಾನು ಹಾಕುತ್ತೇನೆ, ನೀವು ಬೆರಳು ತೋರಿಸಿ ಬೈಯುತ್ತಾ ಕೂತರೆ ಸಾಕು. ಮಂಡಿಗೆ ಒಂದು ದಿಂಬು ತನ್ನಿ. ಬೆಳಿಗ್ಗೆ ಏಳಕ್ಕೆ ಸೇತುವೆಯ ಕೆಳಗಿರುತ್ತೇನೆ. ಪಕ್ಕೆಲುಬು ಸೀಡರಿನದೇ.

ನೊರೀನ್

---

ಬರ್ಡೆಟ್ ಫೋರ್ಡ್
11 ಆಗಸ್ಟ್ 1994

ನೊರೀನ್,

ಮೂರು ಸಿಕ್ಕಿವೆ, ಎರಡು ಸಿಕ್ಕಿಲ್ಲ. ಇದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಂಡಿದ್ದೇನೆ. ನಿಜ ಬರೆದದ್ದಕ್ಕೆ ಉಪಕಾರವಾಯಿತು. ಆ ಮೀನಿನ ದವಡೆಯನ್ನು ಬಿಡದೆ ವರ್ಣಿಸಿದ್ದಕ್ಕೂ. ಓದುವಾಗ ಮೈ ಹೇಸಿತು. ಹೇಸಬೇಕಾದ್ದೇ.

ಬಕ್ಸ್ಟನ್‌ನ ಹತ್ತಿರ ಇವತ್ತು ಹೋಗಿದ್ದೆ. ಅದೇ ಕಾಫಿ ಕಟ್ಟೆ, ಅದೇ ಜನ.

"ಲೆರಾಯ್, ನಿನ್ನ ಕಳ್ಳ ಅಂದೆ. ತಪ್ಪಾಯ್ತು," ಅಂದೆ.

"ಅದನ್ನ ಮಂಗಳವಾರನೂ ಹೇಳ್ದೆ, ನಿನ್ನೆನೂ ಹೇಳ್ದೆ ಕಣೋ," ಅಂದ. "ಕೂತ್ಕೋ. ಕಾಫಿ ಆರ್ತದೆ."

ಚೀಟಿ ಜೇಬಿನಲ್ಲೇ ಉಳಿದಿತ್ತು, ಅದಕ್ಕೇ ಹೀಗಾಯಿತು. ಮಾಡಿದ ಕೆಲಸದ ಮೇಲೆ ಗೆರೆ ಎಳೆಯಬೇಕೆಂದು ಆರ್ಡಿತ್ ಈಗ ಪೆನ್ಸಿಲ್ಲನ್ನೂ ಅದಕ್ಕೆ ಕಟ್ಟಿಕೊಟ್ಟಿದ್ದಾಳೆ. ಈ ಸಲ ಯಾರೂ ಲೋಟದೊಳಗೆ ಇಣುಕಲಿಲ್ಲ, ಜೋರಾಗಿ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ತಳ ದುಂಡಗಿರುವ ದೋಣಿಯಲ್ಲಿ ನಾನು ಈ ಜನ್ಮದಲ್ಲಿ ಕೂತಿಲ್ಲ, ಅದರಲ್ಲಿ ಕೂರುವವರನ್ನು ಕಂಡು ಉಗಿದಿದ್ದೇನೆ. ಭಾನುವಾರ ಬರುತ್ತೇನೆ. ಆರ್ಡಿತ್ ಟ್ರಕ್ಕಿನಲ್ಲಿ ಕರೆತರುತ್ತಾಳೆ. ಕೀಲಿ ಅವಳ ಪರ್ಸಿನಲ್ಲೇ ಇರುತ್ತದೆ. ಎಲೆಕೋಸು, ಮಾಂಸ ತುಂಬಿದ ಬನ್ನು ಮಾಡಿಕೊಂಡು ಬರುತ್ತಾಳಂತೆ, ವಾಂತಿಯಾಗದಿದ್ದರೆ ತಿನ್ನಿ.

ಉಳಿದೆರಡು ಪ್ಯಾಡಕ್‌ನಲ್ಲಿ ಇರಲಾರವು. ಜುಲೈ ಕೊನೆಗೆ ನದಿ ಬಿಸಿಯಾಗುತ್ತದೆ, ಮೀನು ಥಾರ್ನ್ ಹಳ್ಳದೊಳಗೆ ತಣ್ಣನೆಯ ಒರತೆ ಇರುವ ಕಡೆ ಹತ್ತುತ್ತದೆ. ನಾನೂ ಅದರ ಹಿಂದೆ ಹೋಗಿರುತ್ತೇನೆ. ಇದು ನೆನಪಿನಿಂದ ಹೇಳುತ್ತಿಲ್ಲ, ಬುದ್ಧಿ ಓಡಿಸಿ ಹೇಳುತ್ತಿದ್ದೇನೆ. ಸದ್ಯಕ್ಕೆ ಅದು ಓಡುತ್ತಿದೆ.

ಇನ್ನೊಂದು ಮಾತು, ಇವತ್ತು ತಲೆ ನೆಟ್ಟಗಿರುವಾಗಲೇ ಬರೆದುಬಿಡುತ್ತೇನೆ. ಅಲ್ಲಿ ಆ ಬಿಲ್ಲೆ ಕೈಗೆ ಬಂದಾಗ, ಇದು ನನ್ನದಲ್ಲ, ಬಕ್ಸ್ಟನ್ ಕದ್ದದ್ದು ಅಂತ ನಾನು ಜಗಳಕ್ಕೆ ನಿಲ್ಲಬಹುದು. ನೀನು ಯಾರು, ಫಿಸ್ಟರನ ಹಳ್ಳದಲ್ಲಿ ನಿನಗೇನು ಕೆಲಸ ಅಂತಲೂ ಕೇಳಬಹುದು. ಆಗ ನನ್ನ ಜೊತೆ ವಾದಕ್ಕೆ ಇಳಿಯಬೇಡ ಮಾರಾಯ್ತಿ. ಬೈದರೆ ಬೈಸಿಕೋ. ಮೊದಲು ಮೀನು ಬಿಡಿಸು.

ಹಾರ್ಲನ್